ಸಲ್ಯೂಷನ್ ಒಣಗುವ ಹೊತ್ತು

ಫೋಮ್ ಕೊಯ್ಯುವಾಗ ಚಾಕುವನ್ನು ಒತ್ತಬಾರದು, ಎಳೆಯಬೇಕು ಎಂಬುದು ಅವನಿಗೆ ನೋಡಿ ನೋಡಿ ಗೊತ್ತಿತ್ತು. ಕೈಗೆ ಮಾತ್ರ ಗೊತ್ತಿರಲಿಲ್ಲ. ಅತ್ತಿಗೆಯ ಅಡುಗೆಮನೆಯಿಂದ ಎಂದೋ ಶೆಡ್ಡಿಗೆ ಬಂದು ಇಲ್ಲಿಯದೇ ಆಗಿಹೋದ ಹಲ್ಲುಹಲ್ಲಿನ ಬ್ರೆಡ್ ಚಾಕುವನ್ನು ನೀರಿನಲ್ಲಿ ಅದ್ದಿ, ಅಣ್ಣ ಎಳೆಯುತ್ತಿದ್ದಂತೆಯೇ ಉದ್ದಕ್ಕೆ ಎಳೆದ. ಚಾಕು ಅರ್ಧ ದಾರಿ ನೆಟ್ಟಗೆ ಹೋಗಿ ಆಮೇಲೆ ತನಗೆ ತೋಚಿದತ್ತ ತಿರುಗಿತು. ಹಳದಿ ಪುಡಿ ಮೊಣಕೈವರೆಗೆ ಮೆತ್ತಿಕೊಂಡಿತು. ಅವನು ತಲೆಯೆತ್ತಿ ನೋಡಿದ. ಶೆಡ್ಡಿನ ಬಾಗಿಲಾಚೆ ಅಂಗಳ, ಅಂಗಳದಾಚೆ ಮನೆ, ಮನೆಯ ಮಹಡಿಯಲ್ಲಿ ತೆರೆದ ಕಿಟಕಿ. ಅದರೊಳಗೆ ಮಂಚ, ಮಂಚದಲ್ಲಿ ಅಣ್ಣ. ಕೊಯ್ಯುವ ಸದ್ದು ಅಲ್ಲಿಯವರೆಗೆ ಕೇಳುತ್ತದೆಯೇ ಎಂದು ಅವನಿಗೆ ಬೆಳಿಗ್ಗೆಯಿಂದ ಅನುಮಾನ. ಕೇಳಿಸಿದರೆ, ಯಾವ ಎಳೆತ ನೆಟ್ಟಗಿದೆ ಯಾವುದು ಸೊಟ್ಟಗಿದೆ ಎಂಬುದು ಸದ್ದಿನಿಂದಲೇ ಅಣ್ಣನಿಗೆ ತಿಳಿಯುತ್ತದೆ ಎಂಬುದರಲ್ಲಿ ಮಾತ್ರ ಅನುಮಾನವಿರಲಿಲ್ಲ. ಸೊಟ್ಟಗಾದ ಅಂಚನ್ನು ಬೆರಳಿನಿಂದ ಸವರಿ, ಚಾಕುವನ್ನು ಮತ್ತೆ ನೀರಿನಲ್ಲಿ ಅದ್ದಿದ.

ಇವತ್ತು ಭಾನುವಾರ. ಸಂಜೆ ಚಹಾದ ಹೊತ್ತಿಗೆ ಅಣ್ಣ ಕೆಳಗಿಳಿದು ಬರುತ್ತಾನೆ. ಎಡಗೈ ಎಡಗಾಲು ಸ್ವಾಧೀನ ತಪ್ಪಿದ ಮೇಲೆ ಶೆಡ್ಡಿಗೆ ಬರುತ್ತಿರುವುದು ಇದೇ ಮೊದಲು. ಕಾರಿಗೆ ಉಳಿದಿರುವುದು ಒಳಗಿನ ಫೋಮಿನ ಕೆಲಸ ಮಾತ್ರ, ಅದನ್ನು ತಮ್ಮ ಮುಗಿಸಿಡುತ್ತಾನೆ, ತಾನು ಬಂದು ಕೂತು ಸೇತುವೆಯವರೆಗೆ ಓಡಿಸಿಕೊಂಡು ಹೋಗಿ ಬರುತ್ತೇನೆ ಎಂದು ಅಣ್ಣ ನೋಡಲು ಬಂದವರಿಗೆಲ್ಲ ಹೇಳಿಬಿಟ್ಟಿದ್ದ. ಬಂದವರು ಅವನ ಎಡಗಾಲಿನ ಕಡೆ ನೋಡದಿರಲು ಪ್ರಯತ್ನಪಟ್ಟು, ಆಗಲಿ ಆಗಲಿ ಎಂದು ಹಣ್ಣಿನ ಚೀಲ ಇಟ್ಟು ಹೋಗಿದ್ದರು. ಡಾಕ್ಟರು ಇನ್ನು ಓಡಿಸಲೇಬೇಡಿ ಅಂದಿದ್ದರು. ಆ ಡಾಕ್ಟರಿಗೆ ಕ್ಲಚ್ ಎಲ್ಲಿರುತ್ತೆ ಅಂತ ಗೊತ್ತಿದೆಯಾ, ಮೊದಲು ಕೇಳಿ ಎಂದು ಅಣ್ಣ ತಿರುಗಿಸಿ ಕೇಳಿದ್ದ. ಕ್ಲಚ್ ಇರುವುದೇ ಎಡಗಾಲಿಗೆ ಎಂಬುದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಅಂಗಡಿಯವರು ಕೀಲಿ ಕೊಟ್ಟು ಕಳಿಸುವಂಥ ಕಾರಲ್ಲ ಇದು. ಮರದ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದದ್ದು. ಕಬ್ಬಿಣದ ಚೌಕಟ್ಟು, ಫೈಬರಿನ ಮೈ, ಒಂದು ಮೂಟೆ ಬೋಲ್ಟು. ಎಂಜಿನ್ ಯಾವುದಾದರೂ ಹಳೆಯ ಕಾರಿನದು ನೀವೇ ಹುಡುಕಿಕೊಳ್ಳಿ, ಜೋಡಿಸಿಕೊಳ್ಳುವುದೂ ನೀವೇ, ಮುಂದಿನದು ನಿಮ್ಮ ಪುಣ್ಯ. ಪೆಟ್ಟಿಗೆ ಒಡೆದ ದಿನ ಹೊಟ್ಟು ಹುಲ್ಲಿನ ವಾಸನೆಯ ನಡುವೆ ಫೈಬರಿನ ಮೈ ಬಿಳುಪಾಗಿ ಮಲಗಿತ್ತು. ಅತ್ತಿಗೆ ಆಗಿನ್ನೂ ಈ ಮನೆಗೆ ಹೊಸಬಳು. ಸೆರಗು ಸಿಕ್ಕಿಸಿಕೊಂಡು ಅದರೊಳಗೆ ಇಳಿದು, ಅಡುಗೆಮನೆಯ ತಟ್ಟೆಯೊಂದನ್ನು ಸ್ಟಿಯರಿಂಗಿನಂತೆ ಹಿಡಿದು, ದಾರಿ ಬಿಡಿ ದಾರಿ ಬಿಡಿ ಎಂದು ಅವರಿಬ್ಬರನ್ನೂ ಬೆದರಿಸಿದ್ದಳು. ಅಣ್ಣ ಬನಿಯನ್ನಿನಲ್ಲಿ ನಿಂತು ನಗುತ್ತಿದ್ದ. ಆ ನಗು ಈಗಲೂ ಅವನಿಗೆ ಕಣ್ಣಿಗೆ ಕಟ್ಟಿದಂತಿದೆ. ಬಾಯಿ ಎರಡೂ ಕಡೆಗೆ ಸಮನಾಗಿ ಹರಡುತ್ತಿತ್ತು. ಒಂದು ವರ್ಷದಲ್ಲಿ ಮುಗಿಸ್ತೀನಿ ಅಂದಿದ್ದ ಅಣ್ಣ. ವರ್ಷಗಳು ಕಳೆದವು, ಅತ್ತಿಗೆಯ ಕೂದಲಲ್ಲಿ ಬೆಳ್ಳಿ ಎಳೆ ಬಂತು, ಕಾರಿಗೆ ಚಕ್ರ ಬಂತು, ಎಂಜಿನ್ ಕೂತಿತು, ಒಂದು ದಿನ ಕೆಮ್ಮಿ ಎದ್ದು ಓಡಿಯೂ ಬಿಟ್ಟಿತು. ಪಕ್ಕದ ಸೀಟಿಗೆ ಫೋಮು ಹಾಕಿ ಮುಗಿಸಿ, ಇನ್ನು ನನ್ನ ಸೀಟು ಅಂದ ವಾರದಲ್ಲೇ ಅಣ್ಣ ಸ್ನಾನದ ಮನೆಯಲ್ಲಿ ಬಿದ್ದ.

ಆ ಸೀಟಿನದೇ ಈಗ ತಲೆನೋವು. ಈ ಕಾರಿನಲ್ಲಿ ಸೀಟು ಹಿಂದೆ ಮುಂದೆ ಸರಿಯುವುದಿಲ್ಲ. ಫೈಬರಿನ ತೊಟ್ಟಿಯಂಥದನ್ನು ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದಾರೆ; ಓಡಿಸುವವನ ಬೆನ್ನಿಗೂ ಕಾಲಿಗೂ ತಕ್ಕಂತೆ ಒಳಗೆ ಫೋಮನ್ನು ಕೊಯ್ದು ಅಂಟಿಸಿಕೊಳ್ಳಬೇಕು. ಎತ್ತರದವನಾದರೆ ಬೆನ್ನಿಗೆ ಒಂದು ಪದರ ಸಾಕು. ಗಿಡ್ಡನಾದರೆ ಅದರ ಮೇಲೆ ಇನ್ನೊಂದು ದಪ್ಪ ಪದರ ಬೇಕು, ಇಲ್ಲದಿದ್ದರೆ ಪೆಡಲಿಗೆ ಕಾಲು ಎಟಕುವುದಿಲ್ಲ. ಅಣ್ಣ ಎತ್ತರ. ಅವನು ಗಿಡ್ಡ. ಮನೆಯಲ್ಲಿ ಅವನನ್ನು ಮೋಟು ಎಂದೇ ಕರೆಯುವುದು. ಅಪ್ಪ ಅಮ್ಮ ಇಟ್ಟ ಹೆಸರು ಕನ್ನಡಕದ ಅಂಗಡಿಯಲ್ಲಿ ಮಾತ್ರ ಚಲಾವಣೆಯಲ್ಲಿದೆ. ಅಂದರೆ ಒಂದು ಪದರ ಅಂಟಿಸಿದರೆ ಅದು ಅಣ್ಣನ ಸೀಟು, ಎರಡು ಅಂಟಿಸಿದರೆ ಅವನ ಸೀಟು. ಎರಡು ಪದರದ ಮೇಲೆ ಅಣ್ಣ ಕೂತರೆ ಮೊಣಕಾಲು ಸ್ಟಿಯರಿಂಗಿಗೆ ತಾಗಿ ಅಲ್ಲಾಡಲೂ ಆಗುವುದಿಲ್ಲ. ಅತ್ತಿಗೆಗೂ ಇದು ಗೊತ್ತಿತ್ತು. ನಿನ್ನೆ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತ, ಅವನಿಗೆ ಬೆನ್ನು ತಿರುಗಿಸಿಯೇ ಹೇಳಿದ್ದಳು.

"ನೋಡಪ್ಪಾ, ಆ ಸೀಟು ನಿನ್ನ ಅಳತೆಗೇ ಮಾಡ್ಬಿಡು."

"ನನ್ನ ಅಳತೆಗಾ?"

"ಎರಡು ಪದರ ಹಾಕು. ಅವ್ರಿಗೆ ಮೊಣಕಾಲು ಹಿಡಿಸಲ್ಲ. ಹಿಡಿಸ್ದೇ ಇದ್ರೆ ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ತಾರೆ. ಕಾಲು ಸರಿಯಿಲ್ಲ ಅಂತ ನಾನೂ ಹೇಳೋದು ಬೇಡ, ನೀನೂ ಹೇಳೋದು ಬೇಡ."

"ಅಣ್ಣಂಗೆ ಗೊತ್ತಾಗಲ್ವಾ ಅತ್ತಿಗೆ?"

"ಗೊತ್ತಾದ್ರೆ, ಅಂಟಿ ಹೋಯ್ತು ಅನ್ನು. ಅಂಟಿದ್ಮೇಲೆ ಬರಲ್ಲ ಅಂತ ಅವ್ರೇ ತಾನೇ ಊರಿಗೆಲ್ಲ ಹೇಳ್ಕೊಂಡು ಬಂದಿರೋದು." ಅವಳು ನಲ್ಲಿ ನಿಲ್ಲಿಸಿದಳು. "ಮೊನ್ನೆ ಬೆಳಗಾಗೋಕೆ ಮುಂಚೆ ಎದ್ದು ನೋಡ್ತೀನಿ, ಮಂಚದಲ್ಲಿಲ್ಲ. ಶೆಡ್ಡಿನ ಬೀಗದ ಕೈ ಹಿಡ್ಕೊಂಡು ಮೆಟ್ಟಿಲ ಮೇಲೆ ಕೂತಿದ್ರು. ಇಳಿಯೋಕೂ ಆಗ್ದೆ, ಹತ್ತೋಕೂ ಆಗ್ದೆ. ನನ್ನನ್ನೂ ಕೂಗಲಿಲ್ಲ."

ಅವನು ಆಗಲಿ ಅಂದಿದ್ದ. ಅತ್ತಿಗೆಗೆ ಅವನು ಇಲ್ಲ ಅಂದದ್ದೇ ಇಲ್ಲ. ಆದರೆ ತನ್ನ ಮನೆಗೆ ಹೋಗಿ ಮಲಗಿದ ಮೇಲೆ, ಆಗಲಿ ಎಂದ ತನ್ನ ದನಿಯಲ್ಲಿ ಒಂದು ಬಗೆಯ ಚುರುಕಿತ್ತಲ್ಲ, ಅದು ಎಲ್ಲಿಂದ ಬಂತು ಎಂದು ಯೋಚಿಸಿ ನಾಚಿದ. ಅಣ್ಣನ ಮೇಲಿನ ಕಾಳಜಿಯಿಂದ ಬಂದ ಚುರುಕಲ್ಲ ಅದು. ಆ ಸೀಟಿನಲ್ಲಿ ಕೂರುವ ಆಸೆ ಅವನಿಗೆ ಇತ್ತು. ಎಷ್ಟು ಕಾಲದಿಂದ ಇತ್ತೋ ಏನೋ, ಪಕ್ಕದ ಸೀಟು ಎಂದು ತನ್ನ ಜಾಗವನ್ನು ತಾನೇ ಗೊತ್ತುಮಾಡಿಕೊಂಡು ಆಸೆಯನ್ನು ಹೊಟ್ಟೆಗೆ ಹಾಕಿಕೊಂಡಿದ್ದ. ಈಗ ಅಣ್ಣನ ಕಾಲು ಬಿದ್ದುಹೋಯಿತು, ಅತ್ತಿಗೆ ಚಾಕು ಕೊಟ್ಟಳು. ಇಷ್ಟು ಸುಲಭವಾಗಿ ಕೈಗೆ ಬಂದದ್ದನ್ನು ಏನೆಂದು ಕರೆಯಬೇಕೋ ಅವನಿಗೆ ತಿಳಿಯಲಿಲ್ಲ.

ಇಷ್ಟು ವರ್ಷ ಭಾನುವಾರಗಳಲ್ಲಿ ಅವನು ಮಾಡಿದ್ದು ದೀಪ ಹಿಡಿಯುವ ಕೆಲಸ. ಉದ್ದನೆಯ ವೈರಿನ ಕೊನೆಗೆ ತಂತಿಯ ಬುಟ್ಟಿಯೊಳಗೆ ಒಂದು ಬಲ್ಬು. ಅದನ್ನು ಹಿಡಿದು ಅಣ್ಣನ ಕೈ ಹೋದಲ್ಲಿಗೆ ಬೆಳಕನ್ನು ಒಯ್ಯಬೇಕು. ವಾರವಿಡೀ ಅಂಗಡಿಯಲ್ಲಿ ಗಾಜು ಅರೆದು ಫ್ರೇಮಿಗೆ ಕೂರಿಸುವವನು ಅವನು, ಕೂದಲೆಳೆಯಷ್ಟು ಹೆಚ್ಚಾದರೂ ಗಾಜು ಬಿರಿಯುತ್ತದೆ, ಕಡಿಮೆಯಾದರೆ ಉದುರುತ್ತದೆ, ಎರಡೂ ಆಗದಂತೆ ನೋಡಿಕೊಳ್ಳುವುದೇ ಅವನ ಹೊಟ್ಟೆಪಾಡು. ಆದರೂ ಚಾಕು ನಾನು ಹಿಡೀಲಾ ಅಂದರೆ ಅಣ್ಣ, ನೀನು ದೀಪ ಹಿಡಿ ಮಾರಾಯ, ಅನ್ನುತ್ತಿದ್ದ. ಒಮ್ಮೆ ಪಂಪಿನ ಕಾರ್ಖಾನೆಯಿಂದ ಅಣ್ಣನ ಜೊತೆಯ ಫಿಟ್ಟರುಗಳು ಕಾರು ನೋಡಲು ಬಂದಿದ್ದರು. ಇವರ್ಯಾರು ಎಂದು ಒಬ್ಬ ಕೇಳಿದ. ನಮ್ಮ ದೀಪದ ಕಂಬ, ಅಂದ ಅಣ್ಣ, ಒಂಚೂರು ಮೋಟು ಕಂಬ. ಎಲ್ಲರೂ ನಕ್ಕರು. ಅವನೂ ನಕ್ಕ, ಎಲ್ಲರಿಗಿಂತ ಕೊನೆಯಲ್ಲಿ ನಿಲ್ಲಿಸಿದವನು ಅವನೇ. ಆಮೇಲೆ ಕೆಲವು ಭಾನುವಾರ ತಲೆನೋವು ಎಂದು ಮನೆಯಲ್ಲೇ ಉಳಿದ. ಯಾಕೆ ಬರಲಿಲ್ಲ ಎಂದು ಅಣ್ಣ ಕೇಳಲಿಲ್ಲ. ಮತ್ತೆ ಹೋದ ದಿನ ದೀಪ ಮೊಳೆಗೆ ನೇತುಬಿದ್ದಿತ್ತು, ಬಾನೆಟ್ಟಿನ ಕೆಳಗೆ ಅವನು ಕೊನೆಯ ಸಲ ದೀಪ ಹಿಡಿದಿದ್ದ ಕೆಲಸ ಅಷ್ಟಕ್ಕೇ ನಿಂತಿತ್ತು.

ಆದರೂ ಭಾನುವಾರ ಎಂದರೆ ಅವನಿಗೆ ನೆನಪಾಗುವುದು ಆ ನಗೆಯಲ್ಲ, ಸಲ್ಯೂಷನ್ ಒಣಗುವ ಹೊತ್ತು. ಡಬ್ಬಿಯ ಮುಚ್ಚಳ ತೆಗೆದರೆ ಮೂಗಿಗೆ ರಪ್ಪೆಂದು ಹೊಡೆಯುವ ಆ ಅಂಟನ್ನು ಎರಡೂ ಮೈಗೆ ಹಚ್ಚಬೇಕು, ಫೋಮಿಗೂ, ಫೋಮು ಕೂರುವ ಜಾಗಕ್ಕೂ. ಹಚ್ಚಿದ ಕೂಡಲೇ ಅಂಟಿಸುವ ಹಾಗಿಲ್ಲ. ಕಾಯಬೇಕು. ಬೆರಳಿನ ಗಿಣ್ಣು ತಾಗಿಸಿದರೆ ಗಿಣ್ಣಿಗೆ ಹತ್ತಬಾರದು, ಅಷ್ಟು ಒಣಗಬೇಕು. ಅವಸರಪಟ್ಟರೆ ಜಾರುತ್ತದೆ, ತೀರಾ ತಡಮಾಡಿದರೆ ಸಲ್ಯೂಷನ್ ಸತ್ತುಹೋಗುತ್ತದೆ, ಆಮೇಲೆ ಏನು ಮಾಡಿದರೂ ಹಿಡಿಯುವುದಿಲ್ಲ. ಆ ನಡುವಿನ ಹೊತ್ತಿನಲ್ಲಿ ಅಣ್ಣ ಉಲ್ಟಾ ಮಗುಚಿದ ಡಬ್ಬದ ಮೇಲೆ, ಅವನು ಸ್ಟೂಲಿನ ಮೇಲೆ, ನಡುವೆ ಪೊಟ್ಟಣದಲ್ಲಿ ಹುರಿದ ಕಡಲೆಕಾಯಿ. ಬೇರೆ ಹೊತ್ತಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡಿರುವ ಅಣ್ಣ ಆಗ ಮಾತಾಡುತ್ತಿದ್ದ. ಅಪ್ಪ ಸಾಯುವ ಮುಂಚೆ ಕೇಳಿದ ಕೊನೆಯ ಪ್ರಶ್ನೆ, ಕಿಟಕಿ ಹಾಕಿದ್ದೀರಾ ಎಂಬುದಾಗಿತ್ತು ಎಂದು ಅವನಿಗೆ ತಿಳಿದದ್ದು ಹಾಗೆ. ಅತ್ತಿಗೆಗೆ ಮಗು ನಿಲ್ಲದೆ ಹೋದದ್ದನ್ನು ಅಣ್ಣ ಹೇಳಿದ್ದೂ ಅಂಥದೇ ಹೊತ್ತಿನಲ್ಲಿ, ಸಿಪ್ಪೆ ಬಿಡಿಸುತ್ತ, ಫೋಮಿನ ಕಡೆ ನೋಡುತ್ತ. ಅವನು ಕಡಲೆಬೀಜ ಅಂಗೈಯಲ್ಲಿ ಹಿಡಿದೇ ಇದ್ದ. ಆಮೇಲೆ ಅಣ್ಣ ಗಿಣ್ಣು ತಾಗಿಸಿ ನೋಡಿ, ಆಯ್ತು ಏಳು, ಅಂದ. ಅಲ್ಲಿಗೆ ಮಾತೂ ಆಯಿತು. ಇಡೀ ವಾರಕ್ಕೆ ಅಷ್ಟೇ ಮಾತು, ಅದೂ ಅಂಟಿನ ಕೃಪೆಯಿಂದ. ಕಾರಿನ ಕೆಲಸ ಬೇಗ ಮುಗಿಯದಿರಲಿ ಎಂದು ಅವನು ಆಗಾಗ ಒಳಗೊಳಗೇ ಬೇಡಿಕೊಂಡದ್ದುಂಟು.

ಬೆಳಿಗ್ಗೆ ಅವನ ಮೊದಲ ಕೆಲಸವೇ ಎಡವಟ್ಟಾಗಿತ್ತು. ಕಾಲಿಡುವ ಜಾಗದ ಎರಡು ಬದಿಗೂ ತೆಳು ಫೋಮು ಅಂಟಿಸಬೇಕಿತ್ತು. ಅದಕ್ಕೆಂದು ಅಣ್ಣ ಹಿಂದೆಯೇ ರಟ್ಟಿನಲ್ಲಿ ನಮೂನೆ ಕತ್ತರಿಸಿ, ಮೇಲೆ ಪೆನ್ಸಿಲಿನಲ್ಲಿ 'ಗೋಡೆ ಕಡೆ', 'ಕಿಟಕಿ ಕಡೆ' ಎಂದು ಗುರುತು ಮಾಡಿ ಇಟ್ಟಿದ್ದ. ಎಡ ಬಲ ಎಂದು ಅಣ್ಣ ಯಾವತ್ತೂ ಬರೆದವನಲ್ಲ. ಕಾರು ಇದ್ದಲ್ಲೇ ಇರುತ್ತದೆ, ಗೋಡೆ ಎಲ್ಲಿಗೂ ಹೋಗುವುದಿಲ್ಲ, ಮತ್ತೆ ಎಡ ಬಲದ ರಗಳೆ ಯಾಕೆ ಎಂಬುದು ಅವನ ವಾದ. ರಟ್ಟಿಗಿಂತ ಒಂದು ಗೆರೆ ಹೊರಗೆ ಕೊಯ್ದರೆ ಫೋಮು ಬಿಗಿಯಾಗಿ ಕೂರುತ್ತದೆ ಎಂಬ ಪಾಠದಂತೆ ಹೊರಗೇ ಕೊಯ್ದು, ಹಚ್ಚಿ, ಕಾದು, ಗೋಡೆ ಕಡೆಯದನ್ನು ಗೋಡೆಯ ಕಡೆ ಒತ್ತಿದ. ಒತ್ತಿದ ಮೇಲೆ ನೋಡುತ್ತಾನೆ, ವೈರು ಹೋಗಲು ಬಿಟ್ಟ ಕಿಂಡಿ ವೈರಿನಿಂದ ಒಂದು ಗೇಣು ಹಿಂದೆ ಇದೆ. ಅಣ್ಣ ಆಸ್ಪತ್ರೆಯಲ್ಲಿದ್ದಾಗ ಶೆಡ್ಡಿನ ತಗಡು ಬದಲಾಯಿಸಲು ಕಾರನ್ನು ಅಂಗಳಕ್ಕೆ ತಳ್ಳಿದ್ದರು, ಮತ್ತೆ ಒಳಗೆ ಹಾಕುವಾಗ ಮೂತಿ ತಿರುಗಿಸಿ ಹಾಕಿದ್ದರು. ತಳ್ಳಿದವರಲ್ಲಿ ಅವನೂ ಒಬ್ಬ. ಗೋಡೆ ಎಲ್ಲಿಗೂ ಹೋಗಿರಲಿಲ್ಲ, ಕಾರು ತಿರುಗಿತ್ತು. ಸಲ್ಯೂಷನ್ ಒಮ್ಮೆ ಮುಟ್ಟಿದರೆ ಮುಟ್ಟಿತು, ಎಳೆದರೆ ಫೋಮೇ ಹರಿದು ಬರುತ್ತದೆ. ಉಗುರಿನಿಂದ ಚೂರು ಚೂರಾಗಿ ಕೆರೆದು ತೆಗೆಯುವಾಗ ಪರಪರ ಸದ್ದಾಯಿತು.

"ಏನಾಯ್ತೋ?" ಮಹಡಿಯಿಂದ ಅಣ್ಣನ ದನಿ. ಮಾತು ಈಗ ಸ್ವಲ್ಪ ನೀರು ಕುಡಿದಂತೆ ಬರುತ್ತದೆ.

"ಏನಿಲ್ಲ ಅಣ್ಣ."

"ಏನೋ ಹರೀತು."

"ಹಳೇ ಚೀಲ."

ಅಣ್ಣ ನಂಬಿರಲಾರ ಎಂದು ಗೊತ್ತಿದ್ದೂ ಅವನು ಚೂರುಗಳನ್ನೆಲ್ಲ ಬಾಚಿ ನಿಜವಾಗಿಯೂ ಒಂದು ಹಳೇ ಚೀಲಕ್ಕೆ ತುಂಬಿದ. ಕೈಬೆರಳ ಸಂದಿಯಲ್ಲಿ ಅಂಟು ಉಂಡೆಯಾಗಿತ್ತು. ಇಷ್ಟು ವಯಸ್ಸಾದ ಮೇಲೂ ಅಣ್ಣನ ಒಂದು ಪ್ರಶ್ನೆಗೆ ಬಾಯಿ ತಾನಾಗಿ ಸುಳ್ಳು ಹೇಳುತ್ತದಲ್ಲ ಎಂದು ತನ್ನ ಮೇಲೆಯೇ ಜಿಗುಪ್ಸೆಯಾಯಿತು.

ಮಧ್ಯಾಹ್ನದ ಹೊತ್ತಿಗೆ ಬದಿಗಳು ಮುಗಿದವು, ಬಾಗಿಲುಗಳು ಮುಗಿದವು, ಓಡಿಸುವವನ ಸೀಟಿಗೆ, ಅಣ್ಣ ತನ್ನ ಬೆನ್ನಿಗೆ ಅಳೆದಿಟ್ಟಿದ್ದ ನಮೂನೆಯ ಮೊದಲ ಪದರವೂ ಅಂಟಿತು. ಎರಡನೆಯದು ಬೆಂಚಿನ ಮೇಲೆ ಬಿದ್ದಿತ್ತು. ಸೊಂಟದ ಬಳಿ ದಪ್ಪ, ಹೆಗಲ ಬಳಿ ತೆಳು. ಅದನ್ನು ಕೊಯ್ದದ್ದು ತನ್ನದೇ ಬೆನ್ನಿನ ಅಳತೆಗೆ, ಗೋಡೆಗೆ ಒರಗಿ ನಿಂತು, ಕೈ ಹಿಂದೆ ಮಾಡಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡು. ತನ್ನ ಬೆನ್ನು ಇಷ್ಟೇ ಇದೆಯೆಂದು ಅವನು ಎಂದೂ ಅಂದುಕೊಂಡಿರಲಿಲ್ಲ. ಬೇರೆಯವರ ಮುಖದ ಅಗಲ, ಮೂಗಿನ ಎತ್ತರ, ಕಿವಿಯ ದೂರ ಅಳೆದು ಅಳೆದು, ತನ್ನದೂ ಒಂದು ಅಳತೆ ಇದೆ ಎಂಬುದು ಮರೆತೇ ಹೋದಂತಿತ್ತು. ಅವನು ಬ್ರಷ್ ಅದ್ದಿ ಎರಡನೆಯ ಪದರದ ಬೆನ್ನಿಗೆ ಹಚ್ಚಿದ. ಮೊದಲ ಪದರದ ಎದೆಗೂ ಹಚ್ಚಿದ. ಆಮೇಲೆ ಸ್ಟೂಲಿನ ಮೇಲೆ ಕೂತು ಕಾದ. ಎದುರಿಗೆ ಅಣ್ಣನ ಡಬ್ಬ ಖಾಲಿ ಇತ್ತು.

ಕಾಯುತ್ತ ಕೂತವನಿಗೆ ಸೈಕಲ್ ನೆನಪಾಯಿತು. ಅಪ್ಪನ ಸೈಕಲ್, ಅವನಿಗಿಂತ ಎತ್ತರ. ಸೀಟಿನ ಮೇಲೆ ಕೂತರೆ ಪೆಡಲು ಮೇಲೆ ಬಂದಾಗ ಮಾತ್ರ ಕಾಲಿಗೆ ಸಿಗುತ್ತಿತ್ತು, ಕೆಳಗೆ ಹೋದಾಗ ಕಾಲು ಗಾಳಿಯಲ್ಲಿ. ಅಣ್ಣ ಹಳೇ ಚಪ್ಪಲಿಯ ಅಟ್ಟೆಗಳನ್ನು ಒಂದರ ಮೇಲೊಂದು ಇಟ್ಟು, ಟ್ಯೂಬಿನ ಪಟ್ಟಿಯಿಂದ ಪೆಡಲಿಗೆ ಬಿಗಿದು ಕಟ್ಟಿದ್ದ. ಕಟ್ಟಿ, ಸೀಟಿನ ಹಿಂದೆ ಹಿಡಿದುಕೊಂಡು, ಕಾಲು ಎಟಕ್ತಾ ಎಂದು ಕೇಳಿದ. ಎಟಕುತ್ತೆ ಅಂದ ಅವನು. ಎಟಕುತ್ತಿರಲಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಇಲ್ಲ ಅನ್ನಲು ಅವಮಾನವಾಗಿತ್ತು. ಅಣ್ಣ ಕೈ ಬಿಟ್ಟ. ಅವನು ಇಳಿಜಾರಿನಲ್ಲಿ ಅದ್ಭುತವಾಗಿ ಹೋಗಿ, ತಿರುವಿನಲ್ಲಿ ಮೋರಿಗೆ ಬಿದ್ದ. ಮೊಣಕೈ ಒಡೆದು, ಸೈಕಲ್ಲಿನ ಹ್ಯಾಂಡಲ್ಲು ಸೊಟ್ಟಗಾಗಿ ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದರು. ನಾನೇ ಜೋರಾಗಿ ತಳ್ಳಿದೆ ಅಂದ ಅಣ್ಣ. ಏಟು ತಿಂದ. ರಾತ್ರಿ ಒಂದೇ ಹಾಸಿಗೆಯಲ್ಲಿ ಮಲಗಿದಾಗ, ಎಟಕಲ್ಲ ಅಂದಿದ್ರೆ ಇನ್ನೊಂದು ಅಟ್ಟೆ ಕಟ್ತಿದ್ನಲ್ಲೋ ಎಂದು ಮಾತ್ರ ಹೇಳಿ ಗೋಡೆಯ ಕಡೆ ಹೊರಳಿದ. ಅವನು ಇಡೀ ಬದುಕಿನಲ್ಲಿ ಯಾರನ್ನಾದರೂ ಅಷ್ಟು ಪ್ರೀತಿಸಿದ್ದರೆ ಅದು ಆ ಹೊರಳಿದ ಬೆನ್ನನ್ನು.

ಗಿಣ್ಣು ತಾಗಿಸಿ ನೋಡಿದ. ಹತ್ತಲಿಲ್ಲ. ಏಳಬೇಕು. ಎದ್ದ, ಪದರ ಎತ್ತಿಕೊಂಡ, ಕಾರಿನ ಬಳಿ ಬಗ್ಗಿದ. ಮುಟ್ಟಿಸಿದರೆ ಮುಗಿಯಿತು. ಅತ್ತಿಗೆ ಹೇಳಿದ್ದು ನಿಜ, ಅಣ್ಣನ ಜೀವ ಉಳಿಯುವುದು ಇದರಿಂದಲೇ ಇರಬಹುದು. ಆದರೆ ಒಂದು ಮಾತೂ ಇಲ್ಲದೆ, ಅಂಟಿ ಹೋಯಿತು ಎಂದು ಅಂಟಿನ ಮೇಲೆ ಹಾಕಿ, ಅಣ್ಣನನ್ನು ಅವನ ಕಾರಿನಿಂದಲೇ ಪಕ್ಕಕ್ಕೆ ಸರಿಸುವುದು ಎಂಥ ಜೀವ ಉಳಿಸುವಿಕೆ? ಮುಟ್ಟಿಸದಿದ್ದರೆ? ಅಣ್ಣ ಆ ಕಾಲಿನಲ್ಲಿ ಸೇತುವೆಗೆ ಹೊರಡುತ್ತಾನೆ, ಹೊರಟೇ ಹೊರಡುತ್ತಾನೆ, ಹಟ ಹಿಡಿದರೆ ಅವನನ್ನು ತಡೆದವರಿಲ್ಲ. ಅವನ ಕೈಗಳು ಪದರವನ್ನು ಹಿಡಿದು ಗಾಳಿಯಲ್ಲಿ ನಿಂತವು. ಆಗ ಅವನು ಅಣ್ಣ ದೊಡ್ಡ ತುಂಡುಗಳನ್ನು ಕೂರಿಸುವಾಗ ಮಾಡುತ್ತಿದ್ದುದನ್ನು ಮಾಡಿದ. ಹಳೆಯ ಪತ್ರಿಕೆಯ ಹಾಳೆಯೊಂದನ್ನು ಮೊದಲ ಪದರದ ಮೇಲೆ ಹೊದಿಸಿ, ಅದರ ಮೇಲೆ ಎರಡನೆಯದನ್ನು ಇಟ್ಟ. ಒಣಗಿದ ಸಲ್ಯೂಷನ್ ಕಾಗದಕ್ಕೆ ಹತ್ತುವುದಿಲ್ಲ. ಕಾಗದ ನಡುವೆ ಇರುವವರೆಗೆ ತುಂಡನ್ನು ಸರಿಸಬಹುದು, ಎತ್ತಬಹುದು, ಮನಸ್ಸು ಬದಲಾಯಿಸಬಹುದು. ಸರಿಯಾಗಿ ಕೂತಿತು ಅನ್ನಿಸಿದ ಮೇಲೆ ಕಾಗದವನ್ನು ಮೆಲ್ಲಗೆ ಎಳೆದುಕೊಳ್ಳುತ್ತ ಬಂದರೆ ಹಿಂದಿಂದೆಯೇ ಅಂಟಿಕೊಳ್ಳುತ್ತ ಬರುತ್ತದೆ. ಕಾಗದದ ತುದಿ ಹೆಗಲ ಬಳಿ ಹೊರಗೆ ಇಣುಕುತ್ತಿತ್ತು. ಅದನ್ನು ಹಿಡಿದು, ಇನ್ನೊಂದು ನಿಮಿಷ, ಎಂದು ತನಗೇ ಹೇಳಿಕೊಂಡ.

ಅಷ್ಟರಲ್ಲಿ ಅಂಗಳದಲ್ಲಿ ಕೋಲಿನ ಸದ್ದು ಕೇಳಿತು. ಚಹಾದ ಹೊತ್ತು ಇನ್ನೂ ಆಗಿರಲಿಲ್ಲ. ಅವನು ಕಾಗದದ ತುದಿಯನ್ನು ಕೈಬಿಟ್ಟ. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ, ಎಡಗೈಯನ್ನು ಅತ್ತಿಗೆ ಹಿಡಿದಿದ್ದಳು. ಬಾಗಿಲಲ್ಲಿ ನಿಂತು ಒಳಗೆಲ್ಲ ಒಮ್ಮೆ ನೋಡಿದ.

"ಕಾರು ತಿರುಗಿದೆ," ಅಂದ.

"ತಗಡು ಹಾಕೋವಾಗ..."

"ಅದಕ್ಕೇ ಹರಿದದ್ದು ಬೆಳಿಗ್ಗೆ." ಅಣ್ಣನ ಬಲಗಡೆಯ ತುಟಿ ಮಾತ್ರ ನಕ್ಕಿತು. "ಹಳೇ ಚೀಲ ಅಂತೆ."

ಅತ್ತಿಗೆ ಅವನ ಮುಖ ನೋಡಿದಳು, ಸೀಟು ನೋಡಿದಳು, ಎರಡು ಪದರ ಕಂಡು ಸಮಾಧಾನದ ಉಸಿರುಬಿಟ್ಟಳು. ಕಾಗದದ ತುದಿ ಅವಳ ಕಣ್ಣಿಗೆ ಬೀಳಲಿಲ್ಲ. ಅಣ್ಣನನ್ನು ಇಬ್ಬರೂ ಹಿಡಿದು ಸ್ನಾನದ ತೊಟ್ಟಿಗೆ ಇಳಿಸುವಂತೆ ಮೆಲ್ಲಗೆ ಒಳಗಿಳಿಸಿದರು. ಕೂತ ಅಣ್ಣನ ಮೊಣಕಾಲುಗಳು ಸ್ಟಿಯರಿಂಗಿಗೆ ಹೋಗಿ ತಾಗಿದವು. ಅವನು ಒಮ್ಮೆ ಹಿಂದೆ ಸರಿಯಲು ನೋಡಿದ. ಹಿಂದೆ ಜಾಗವಿರಲಿಲ್ಲ. ಅದು ನೋಡುತ್ತಿದ್ದ ತಮ್ಮನಿಗೆ ಫಿಟ್ಟರುಗಳ ನಗೆಗಿಂತ ಕೆಟ್ಟದಾಗಿ ತಾಗಿತು. ಭೂಮಿ ಬಾಯಿಬಿಟ್ಟರೆ ಇಳಿದುಬಿಡಬೇಕು ಅನ್ನಿಸಿತು.

"ಯಾರ ಬುದ್ಧಿ ಇದು?" ಅಣ್ಣ ಕೊನೆಗೆ ಕೇಳಿದ.

"ನಂದೇ," ಅಂದಳು ಅತ್ತಿಗೆ. "ಅವನ್ನೇನೂ ಅನ್ಬೇಡಿ. ಅಂಟಿ ಹೋಯ್ತು, ಇನ್ನೇನು ಮಾಡೋಕಾಗುತ್ತೆ."

ಅಣ್ಣ ಅವಳ ಕಡೆ ನೋಡಲಿಲ್ಲ. ಬಲಗೈಯನ್ನು ಹೆಗಲ ಮೇಲಿಂದ ಹಿಂದಕ್ಕೆ ಹಾಕಿ, ಕುರುಡರು ಮುಖ ಸವರಿದಂತೆ ಫೋಮಿನ ಅಂಚನ್ನು ಸವರಿದ. ಬೆರಳಿಗೆ ಕಾಗದದ ತುದಿ ಸಿಕ್ಕಿತು. ಅದನ್ನು ಎಳೆಯಲಿಲ್ಲ, ಸುಮ್ಮನೆ ಎರಡು ಬೆರಳ ನಡುವೆ ಹಿಡಿದುಕೊಂಡ.

"ಅಂಟಿಲ್ಲ," ಅಂದ. "ಮೋಟು, ಇದನ್ನ ತೆಗಿ. ಕಾಗದ ಇರ್ಲಿ."

ಅತ್ತಿಗೆ ತಿರುಗಿ ಅವನನ್ನು ನೋಡಿದ ನೋಟವನ್ನು ಅವನು ಎದುರಿಸಲಿಲ್ಲ. ಅಣ್ಣನನ್ನು ಮುಂದಕ್ಕೆ ಬಾಗಿಸಿ ಎರಡನೆಯ ಪದರವನ್ನು ಎಳೆದುಕೊಂಡ. ಅಣ್ಣ ಹಿಂದಕ್ಕೆ ಒರಗಿದ. ಬೆನ್ನ ಹಿಂದೆ ಪತ್ರಿಕೆ ಸರಸರ ಅಂದಿತು. ಮೊಣಕಾಲು ಬಿಡುವಾಯಿತು, ತಲೆ ಎಲ್ಲಿ ಬರಬೇಕೋ ಅಲ್ಲಿ ಬಂತು, ಬಲಗೈ ಸ್ಟಿಯರಿಂಗಿನ ಮೇಲೆ ತಾನಾಗಿ ಹೋಗಿ ಕೂತಿತು. ಅಳೆದು ಮಾಡಿದಂತಿತ್ತು. ಅಳೆದೇ ಮಾಡಿದ್ದು, ಎಂದೋ, ಇದೇ ಬೆನ್ನಿಗೆ. ಅಣ್ಣನ ಮುಖದಲ್ಲಿ ಪೆಟ್ಟಿಗೆ ಒಡೆದ ದಿನದ್ದೇನೋ ಸುಳಿಯಿತು. ಅತ್ತಿಗೆ ಬಾಯಿಗೆ ಸೆರಗು ಹಿಡಿದುಕೊಂಡು ನಿಂತಿದ್ದಳು. ಅವಳಿಗೂ ಆ ತಟ್ಟೆ ನೆನಪಾಗಿರಬೇಕು. ಹೀಗೇ ಇದ್ದುಬಿಡಲಿ, ಓಡದಿದ್ದರೇನಂತೆ, ಎಂದು ಅವನು ಆಸೆಪಟ್ಟ.

"ದೀಪ ಹಿಡಿ," ಅಂದ ಅಣ್ಣ.

ಅವನು ಮೊಳೆಯಿಂದ ದೀ‍ಪ ತೆಗೆದು ಪೆಡಲಿನ ಕಡೆ ಹಿಡಿದ. ಅಣ್ಣ ಬಲಗೈಯಿಂದ ಎಡ ಮೊಣಕಾಲನ್ನು ಎತ್ತಿ ಮುಂದಿಟ್ಟ. ಪಾದ ಕ್ಲಚ್ಚಿನ ಮೇಲೆ ಕೂತಿತು. ಅಣ್ಣನ ಕತ್ತಿನ ನರ ಉಬ್ಬಿತು, ಹಣೆ ಬೆವರಿತು, ಪಾದ ಮಾತ್ರ ಇಟ್ಟಲ್ಲೇ ಇತ್ತು. ಆಮೇಲೆ ಮೊಣಕಾಲಿನ ಮೇಲೆ ಅಂಗೈ ಊರಿ ಇಡೀ ಮೈಯ ಭಾರ ಹಾಕಿ ಒತ್ತಿದ. ಕ್ಲಚ್ ಅರ್ಧ ಇಳಿಯಿತು, ಪಾದ ಪಕ್ಕಕ್ಕೆ ಜಾರಿ ಬಿತ್ತು. ಮತ್ತೆ ಎತ್ತಿಟ್ಟ. ಮತ್ತೆ ಜಾರಿತು. ತಮ್ಮ ದೀಪ ಅಲುಗದಂತೆ ನೋಡಿಕೊಂಡ. ಅಣ್ಣ ಇನ್ನೊಮ್ಮೆ ಎತ್ತಲು ಹೋಗಿ, ಕೈಯನ್ನು ಮೊಣಕಾಲ ಮೇಲೆಯೇ ಬಿಟ್ಟ.

"ಈ ಚಪ್ಪಲಿ ಸರಿಯಿಲ್ಲ," ಅಂದಳು ಅತ್ತಿಗೆ, ಮೆಲ್ಲಗೆ.

"ಚಪ್ಪಲಿದೇನೂ ಇಲ್ವೇ." ಅಣ್ಣನ ದನಿಯಲ್ಲಿ ಸಿಟ್ಟಿರಲಿಲ್ಲ. ಬೆನ್ನ ಹಿಂದಿನ ಕಾಗದವನ್ನು ಸ್ವಲ್ಪ ಸರಿಸಿ ಫೋಮಿಗೆ ಗಿಣ್ಣು ತಾಗಿಸಿದ. "ಹಚ್ಚಿ ಎಷ್ಟು ಹೊತ್ತಾಯ್ತು?"

"ಆಯ್ತು ಒಂದಿಷ್ಟು ಹೊತ್ತು."

"ಇನ್ನೂ ಸತ್ತಿಲ್ಲ. ಇನ್ನು ಕಾದ್ರೆ ಸಾಯುತ್ತೆ. ನನ್ನ ಎಬ್ಬಿಸಿ."

ಎಬ್ಬಿಸಿದರು. ಅಣ್ಣ ಕೋಲೂರಿ ತನ್ನ ಡಬ್ಬದ ಕಡೆ ಹೋಗುತ್ತಾನೆ ಅಂದುಕೊಂಡರೆ ಹೋಗಲಿಲ್ಲ. ಸ್ಟೂಲನ್ನು ಕೋಲಿನಿಂದ ಕಾರಿನ ಬಳಿಗೆ ಎಳೆದುಕೊಂಡು ಅದರ ಮೇಲೆ ಕೂತ. ಆ ಸ್ಟೂಲಿನ ಮೇಲೆ ಅಣ್ಣ ಕೂತದ್ದನ್ನು ಅವನು ನೋಡಿರಲಿಲ್ಲ. ಕೂತು, ಬಲಗೈ ಚಾಚಿದ.

"ದೀಪ ಇಲ್ಲಿ ಕೊಡು."

ಕೊಟ್ಟ. ಕೊಡುವಾಗ ಇಬ್ಬರ ಕೈಯೂ ತಂತಿಯ ಬುಟ್ಟಿಯ ಮೇಲೆ ಒಂದು ಗಳಿಗೆ ಒಟ್ಟಿಗೆ ಇದ್ದವು. ಅಣ್ಣ ದೀಪ ಎತ್ತಿ ಹಿಡಿದ. ಅವನು ಎರಡನೆಯ ಪದರವನ್ನು ಕಾಗದದ ಮೇಲೆ ಇಟ್ಟು, ಸೊಂಟದ ಬಳಿ ಕೂರಿಸಿ, ಅಂಚು ಸರಿಮಾಡಿದ. ಸೊಟ್ಟಗೆ ಕೊಯ್ದ ಜಾಗಕ್ಕೆ ಬೆಳಕು ಬಂದು ನಿಂತು, ಏನೂ ಅನ್ನದೆ ಮುಂದೆ ಹೋಯಿತು. ಅವನು ಕಾಗದದ ತುದಿ ಹಿಡಿದ. ಕೈ ಮುಂದುವರಿಯಲಿಲ್ಲ.

"ಎಳಿ," ಅಂದ ಅಣ್ಣ. "ಅವಸರ ಬೇಡ. ಎಳೀತಾ ಹೋಗು, ಒತ್ತಾ ಹೋಗು."

ಎಳೆದ. ಕಾಗದ ಮೆಲ್ಲಗೆ ಮೇಲೆ ಬಂತು, ಹಿಂದೆಯೇ ಅಂಗೈಯಿಂದ ಒತ್ತುತ್ತ ಬಂದ. ಕೊನೆಯ ತುದಿ ಹೊರಬಂದಾಗ ಎರಡು ಪದರಗಳೂ ಒಂದಾಗಿದ್ದವು. ಕೈ ಸಾಲಲ್ಲ, ಬೆನ್ನು ಹಾಕಿ ಒತ್ತು, ಅಂದ ಅಣ್ಣ. ಅವನು ಒಳಗಿಳಿದು ಕೂತ, ಬೆನ್ನನ್ನು ಫೋಮಿಗೆ ಬಲವಾಗಿ ಒತ್ತಿದ. ಫೋಮು ಬೆನ್ನನ್ನು ತುಂಬಿಕೊಂಡಿತು. ಎಷ್ಟೋ ವರ್ಷ ಹೊರಗಿನಿಂದ ನೋಡಿದ ಕಾರಿನ ಗಾಜು ಈಗ ಕಣ್ಣಿನ ಮುಂದಿತ್ತು, ಅದರಾಚೆ ಬಾಗಿಲು, ಬಾಗಿಲಾಚೆ ಅಂಗಳ, ಮನೆಯ ಪಕ್ಕಕ್ಕೆ ಬೀದಿ. ಸಂತೋಷವಾಯಿತು. ಅಣ್ಣನ ಎದುರಿಗೇ ಆದ ಆ ಸಂತೋಷಕ್ಕೆ ಅವನಿಗೆ ಅಳು ಬಂತು. ಅತ್ತಿಗೆ ಚಹಾ ತರುತ್ತೇನೆಂದು ಆಗಲೇ ಅಂಗಳ ದಾಟಿಬಿಟ್ಟಿದ್ದಳು, ನಡಿಗೆ ಬೇಗಬೇಗ ಇತ್ತು.

ಬೆಳಕು ಅವನ ಮೊಣಕಾಲಿನಿಂದ ಕೆಳಗಿಳಿದು ಪೆಡಲುಗಳ ಮೇಲೆ ನಿಂತಿತು.

"ಕಾಲು ಎಟಕ್ತಾ?" ಅಣ್ಣ ಕೇಳಿದ.

ಅವನು ಎಡಗಾಲನ್ನು ಕ್ಲಚ್ಚಿನ ಮೇಲಿಟ್ಟು ಒತ್ತಿದ. ಅದು ನೆಲದವರೆಗೂ ಇಳಿಯಿತು.

"ಎಟಕುತ್ತೆ."

"ನಿಜ ಹೇಳು."

"ನಿಜವಾಗ್ಲೂ ಎಟಕುತ್ತೆ ಅಣ್ಣ."

"ಹಾಗಿದ್ರೆ ಏಳ್ಬೇಡ. ಒತ್ಕೊಂಡಿರು, ಹಿಡೀಲಿ," ಎಂದು ಅಣ್ಣ ದೀಪವನ್ನು ಅವನ ಕಾಲಿನ ಮೇಲೆಯೇ ಹಿಡಿದುಕೊಂಡು ಕೂತ.